ವೈಪರ್ ಬ್ಲೇಡ್ ಹೆಚ್ಚು ಕಾಲ ಬಾಳಬೇಕಾದರೆ ಯಾವುದನ್ನು ಆರಿಸಬೇಕು: ಬೆಂಗಳೂರಿನ ಕಾರಿನವರಿಗೊಂದು ಹೋಲಿಕೆ

ಏಪ್ರಿಲ್ ಕೊನೆಯ ವಾರ ಭರಣಿ ಮಳೆಯ ಮೊದಲ ಹನಿ ಬಿದ್ದ ಸಂಜೆ ಬೆಂಗಳೂರಿನ ಬಹುತೇಕ ಕಾರುಗಳಲ್ಲಿ ನಡೆಯುವುದು ಒಂದೇ ಪ್ರಸಂಗ. ನಾಲ್ಕೈದು ತಿಂಗಳು ಅಲುಗಾಡದೆ ಮಲಗಿದ್ದ ವೈಪರನ್ನು ಅಂದು ಮೊದಲ ಬಾರಿಗೆ ಎಬ್ಬಿಸಲಾಗುತ್ತದೆ. ಗಾಜಿನ ಮೇಲೆ ಕುಳಿತಿದ್ದ ದೂಳು, ಹೊಂಗೆಯ ಹೂವಿನ ಎಸಳು, ಮುಂದಿನ ಲಾರಿಯ ಹೊಗೆಯಿಂದ ಬಂದ ಎಣ್ಣೆಪಸೆ ಎಲ್ಲವೂ ಸೇರಿ ಕೆಸರಾಗಿ ಎರಡು ಕಮಾನುಗಳ ಆಕಾರದಲ್ಲಿ ಹರಡಿಕೊಳ್ಳುತ್ತವೆ, ಎದುರಿನಿಂದ ಬರುವ ದೀಪಗಳು ಸೀಳಿಸೀಳಿ ಕಾಣುತ್ತವೆ. ಮರುದಿನ ಕಾರಿನ ಯಜಮಾನರು ಅಂಗಡಿಗೆ ಹೋಗಿ, ಹಿಂದಿನದಕ್ಕಿಂತ ದುಬಾರಿಯಾದ ಜೋಡಿಯೊಂದನ್ನು ಕೊಂಡು ತರುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಅದರ ಪಾಡೂ ಅಷ್ಟೇ.

ನಾನೂ ಕೆಲವು ವರ್ಷ ಹೀಗೆಯೇ ದುಡ್ಡು ಕಳೆದುಕೊಂಡ ಬಳಿಕ ತಿಳಿದದ್ದೇನೆಂದರೆ, ಬ್ಲೇಡಿನ ಆಯುಸ್ಸನ್ನು ತೀರ್ಮಾನಿಸುವಲ್ಲಿ ಅದರ ಬೆಲೆಗಿಂತಲೂ ಅದು ಓಡಾಡುವ ಗಾಜಿನ ಸ್ಥಿತಿ ಮತ್ತು ಆ ಗಾಜಿನ ಮೇಲೆ ನಾವು ಸುರಿಯುವ ನೀರು ಹೆಚ್ಚು ಮುಖ್ಯ. ಆದ್ದರಿಂದ ಈ ಹೋಲಿಕೆ ಅಂಗಡಿಯಲ್ಲಿ ಸಿಗುವ ಬ್ಲೇಡುಗಳಿಗೆ ಮಾತ್ರ ಸೀಮಿತವಲ್ಲ. ಯಾವ ನೀರು, ಯಾವ ಬಟ್ಟೆ, ಬಿಸಿಲಿನಲ್ಲಿ ವೈಪರನ್ನು ಎತ್ತಿಡುವುದೋ ಇಳಿಸಿಡುವುದೋ ಎಂಬ ಆಯ್ಕೆಗಳೂ ಇದರಲ್ಲಿ ಬರುತ್ತವೆ.

ಅಂಚಿನ ಕೆಲಸ

ಹಳೆಯ ಬ್ಲೇಡೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರೆ, ಗಾಜನ್ನು ಒರೆಸುವ ಭಾಗ ಎಷ್ಟು ಚಿಕ್ಕದೆಂದು ಆಶ್ಚರ್ಯವಾಗುತ್ತದೆ. ದಪ್ಪನೆಯ ರಬ್ಬರ್ ಪಟ್ಟಿಯ ಕೆಳಗೆ ಕತ್ತಿನಂತೆ ಸಣ್ಣಗಾದ ಒಂದು ಭಾಗವಿದ್ದು, ಅದರ ಕೆಳಗೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ತುಟಿಯಿರುತ್ತದೆ. ವೈಪರ್ ಬಲಕ್ಕೆ ಹೋಗುವಾಗ ಈ ತುಟಿ ಎಡಕ್ಕೆ ಬಾಗಿ, ತನ್ನ ಚೂಪಾದ ಮೂಲೆಯಿಂದ ನೀರನ್ನು ತಳ್ಳುತ್ತದೆ. ಹಿಂದಿರುಗುವಾಗ ಮಗುಚಿಕೊಂಡು ಇನ್ನೊಂದು ಮೂಲೆಯಿಂದ ತಳ್ಳುತ್ತದೆ. ಆ ಎರಡು ಮೂಲೆಗಳು ಚೂಪಾಗಿರುವಷ್ಟು ಕಾಲ ಮತ್ತು ಆ ಕತ್ತು ಮಗುಚುವಷ್ಟು ಮೆದುವಾಗಿರುವಷ್ಟು ಕಾಲ ಮಾತ್ರ ಬ್ಲೇಡಿಗೆ ಜೀವವಿದೆ. ಮೂಲೆ ಸವೆದರೆ ಅಥವಾ ಕಚ್ಚು ಬಿದ್ದರೆ ಗಾಜಿನ ಮೇಲೆ ಗೆರೆಗಳು ಉಳಿಯುತ್ತವೆ. ಕತ್ತು ಗಡುಸಾಗಿ ಒಂದೇ ಕಡೆಗೆ ಬಾಗಿ ನಿಂತರೆ ಬ್ಲೇಡ್ ಒಂದು ದಿಕ್ಕಿನಲ್ಲಿ ನುಣ್ಣಗೆ ಹೋಗಿ, ಇನ್ನೊಂದು ದಿಕ್ಕಿನಲ್ಲಿ ಕಟಕಟನೆ ಕುಣಿಯುತ್ತದೆ.

ರಬ್ಬರನ್ನು ಗಡುಸು ಮಾಡುವವು ಬಿಸಿಲಿನ ಅತಿನೇರಳೆ ಕಿರಣ, ಗಾಳಿಯಲ್ಲಿರುವ ಓಝೋನ್ ಮತ್ತು ಶಾಖ. ಮೂಲೆಯನ್ನು ಸವೆಸುವುದು ದೂಳು. ಬೆಂಗಳೂರಿನ ದೂಳಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಲಾಲ್‌ಬಾಗಿನ ಬಂಡೆಯಂತೆ ಈ ಊರಿನ ನೆಲವೆಲ್ಲ ನೈಸ್ ಶಿಲೆಯದು, ಅದರಲ್ಲಿ ಬೆಣಚುಕಲ್ಲಿನ ಅಂಶ ಧಾರಾಳವಾಗಿದೆ. ಕಟ್ಟಡಗಳಿಗೆ, ಮೆಟ್ರೊ ಕಾಮಗಾರಿಗೆ ಬರುವ ಎಂ-ಸ್ಯಾಂಡ್ ಕೂಡ ಇಂಥದೇ ಕಲ್ಲಿನ ಪುಡಿ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲು 7ರಲ್ಲಿದ್ದರೆ, ಕಾರಿನ ಗಾಜು ಸುಮಾರು 5.5ರಲ್ಲಿದೆ. ಎಂದರೆ ಹೊರವರ್ತುಲ ರಸ್ತೆಯ ದೂಳು ರಬ್ಬರನ್ನಷ್ಟೇ ಅಲ್ಲ, ಗಾಜನ್ನೂ ಗೀರಬಲ್ಲದು. ಒಣಗಾಜಿನ ಮೇಲೆ ವೈಪರ್ ಆಡಿಸುವುದೆಂದರೆ ಮರಳುಕಾಗದವನ್ನು ರಬ್ಬರಿನ ತುಟಿಗೆ ಕಟ್ಟಿ ಗಾಜಿನ ಮೇಲೆ ಉಜ್ಜಿದಂತೆ. ಬ್ಲೇಡ್ ಯಾವುದೇ ಆಗಿರಲಿ, ಈ ಒಂದು ಅಭ್ಯಾಸವನ್ನು ಬಿಡದಿದ್ದರೆ ಮುಂದೆ ಹೇಳುವ ಯಾವ ಆಯ್ಕೆಯಿಂದಲೂ ಪ್ರಯೋಜನವಿಲ್ಲ.

ಫ್ರೇಮಿನದೋ, ಫ್ರೇಮಿಲ್ಲದ್ದೋ

ಅಂಗಡಿಗಳಲ್ಲಿ ಮೂರು ಬಗೆಯವು ಸಿಗುತ್ತವೆ. ಮೊದಲನೆಯದು ಲೋಹದ ಕಮಾನುಗಳು ಒಂದಕ್ಕೊಂದು ಕೀಲಿಸಿಕೊಂಡಿರುವ ಹಳೆಯ ಮಾದರಿ. ಇದು ರಬ್ಬರನ್ನು ಆರೆಂಟು ಕಡೆ ಹಿಡಿದು ಗಾಜಿಗೆ ಒತ್ತುತ್ತದೆ. ಎರಡನೆಯದು ಫ್ರೇಮ್‌ಲೆಸ್, ಇದರ ಒಳಗೆ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಯಿದ್ದು, ಉದ್ದಕ್ಕೂ ಒಂದೇ ಸಮನೆ ಒತ್ತಡ ಕೊಡುತ್ತದೆ. ಮೂರನೆಯದಾದ ಹೈಬ್ರಿಡ್ ಎಂಬುದು ಹಳೆಯ ಫ್ರೇಮಿನ ಮೇಲೆಯೇ ಪ್ಲಾಸ್ಟಿಕ್ ಚಿಪ್ಪು ಹೊದಿಸಿದ ಮಾದರಿ.

ಆಯುಸ್ಸಿನ ದೃಷ್ಟಿಯಿಂದ ಮೊದಲೆರಡರ ನಡುವಿನ ವ್ಯತ್ಯಾಸ ನಾವು ಊಹಿಸುವಷ್ಟು ದೊಡ್ಡದಲ್ಲ, ಏಕೆಂದರೆ ಸಾಯುವುದು ಎರಡರಲ್ಲಿಯೂ ರಬ್ಬರೇ. ವ್ಯತ್ಯಾಸವಿರುವುದು ಉಳಿದ ಭಾಗಗಳಲ್ಲಿ. ಹಳೆಯ ಮಾದರಿಯ ಕೀಲುಗಳಲ್ಲಿ ದೂಳು ಕುಳಿತು, ತೇವ ಸೇರಿ, ಒಂದೆರಡು ವರ್ಷಗಳಲ್ಲಿ ಅವು ಬಿಗಿಯಾಗುತ್ತವೆ ಅಥವಾ ಸಡಿಲಾಗಿ ಲಟಲಟ ಎನ್ನುತ್ತವೆ. ಆಗ ರಬ್ಬರ್ ಹೊಸದಾಗಿದ್ದರೂ ಗಾಜಿನ ನಡುವೆ ಒಂದು ಪಟ್ಟೆ ಒರೆಸದೆ ಉಳಿಯುತ್ತದೆ. ಫ್ರೇಮ್‌ಲೆಸ್‌ನಲ್ಲಿ ಕೀಲುಗಳಿಲ್ಲದ ಕಾರಣ ಈ ತೊಂದರೆಯಿಲ್ಲ. ಆದರೆ ಅದರ ಉಕ್ಕಿನ ಬಾಗು ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿರುವುದರಿಂದ, ನಿಮ್ಮ ಕಾರಿನ ಗಾಜಿನ ಬಾಗು ಅದಕ್ಕೆ ಹೊಂದದಿದ್ದರೆ ತುದಿಗಳು ಗಾಜಿನಿಂದ ಮೇಲೆದ್ದು ನಿಲ್ಲುತ್ತವೆ. ‘ಎಲ್ಲ ಕಾರಿಗೂ ಆಗುತ್ತೆ’ ಎಂದು ಕೊಡುವ ಅಗ್ಗದ ಫ್ರೇಮ್‌ಲೆಸ್‌ಗಳಲ್ಲಿ ಈ ದೋಷ ನನಗೆ ಹೆಚ್ಚಾಗಿ ಕಂಡಿದೆ. ಕೊಂಡ ದಿನವೇ ಬ್ಲೇಡನ್ನು ಹಾಕಿ, ಎರಡೂ ತುದಿಗಳ ಕೆಳಗೆ ಬಿಲ್ಲಿನ ಕಾಗದವನ್ನು ತೂರಿಸಿ ನೋಡಬೇಕು. ತಡೆಯಿಲ್ಲದೆ ಕಾಗದ ಒಳಗೆ ಹೋದರೆ ಅಂಗಡಿಯವರಿಗೆ ಅಲ್ಲಿಯೇ ಹಿಂದಿರುಗಿಸುವುದು ಒಳ್ಳೆಯದು.

ವೇಗದ ಪ್ರಶ್ನೆಯೂ ಇದೆ. ಹಳೆಯ ಮಾದರಿಯ ಎತ್ತರದ ಫ್ರೇಮಿಗೆ ಗಾಳಿ ಬಡಿದಾಗ ಬ್ಲೇಡ್ ಗಾಜಿನಿಂದ ಸ್ವಲ್ಪ ಏಳುತ್ತದೆ. ಸಿಲ್ಕ್ ಬೋರ್ಡಿನ ಜಂಕ್ಷನ್ನಿನಲ್ಲಿ ಆಮೆಯಂತೆ ತೆವಳುವವರಿಗೆ ಇದು ಲೆಕ್ಕಕ್ಕಿಲ್ಲ. ಪ್ರತಿ ವಾರ ಮೈಸೂರಿನ ಹೊಸ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯ ಹತ್ತಿರ ಓಡಿಸುವವರಿಗೆ ಲೆಕ್ಕಕ್ಕಿದೆ, ಅಂಥವರು ಫ್ರೇಮ್‌ಲೆಸ್ ಕೊಳ್ಳಬಹುದು. ಊರೊಳಗೆ ಓಡುವ ಕಾರಿಗೆ ಒಳ್ಳೆಯ ಕಂಪನಿಯ ಸಾಧಾರಣ ಫ್ರೇಮಿನ ಬ್ಲೇಡ್ ಸಾಕೆಂಬುದು ನನ್ನ ಅಭಿಪ್ರಾಯ. ಹೈಬ್ರಿಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕಾರಿನ ಜೊತೆಯಲ್ಲಿಯೇ ಬಂದಿದ್ದರೆ ಅದೇ ಇರಲಿ, ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಅಳತೆ ಮಾತ್ರ ಕಾರಿನ ಕೈಪಿಡಿಯಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಚಾಲಕನ ಕಡೆಯದು ಉದ್ದ, ಪಕ್ಕದ್ದು ಗಿಡ್ಡ ಇರುವುದು ಸಾಮಾನ್ಯ. ಒಂದಿಂಚು ಉದ್ದದ್ದನ್ನು ಹಾಕಿದರೆ ಹೆಚ್ಚು ಗಾಜು ಕಾಣುತ್ತದೆಂದು ನಂಬಿದವರ ಬ್ಲೇಡುಗಳು ಒಂದಕ್ಕೊಂದು ತಾಗಿ ಅಥವಾ ಗಾಜಿನ ಪಕ್ಕದ ಚೌಕಟ್ಟಿಗೆ ಬಡಿದು ತುದಿ ಹರಿದುಕೊಂಡಿರುವುದನ್ನು ನೋಡಿದ್ದೇನೆ.

ರಬ್ಬರೋ, ಸಿಲಿಕೋನೋ

ಸಾಮಾನ್ಯ ಬ್ಲೇಡುಗಳಲ್ಲಿರುವುದು ನೈಸರ್ಗಿಕ ರಬ್ಬರ್ ಅಥವಾ ಅದಕ್ಕೆ ಕೃತಕ ರಬ್ಬರ್ ಬೆರೆಸಿದ ಮಿಶ್ರಣ. ಅದರ ತುಟಿಯ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಕ್ಲೋರಿನ್‌ನಿಂದ ಸಂಸ್ಕರಿಸಿ ಜಾರುವಂತೆ ಮಾಡಿರುತ್ತಾರೆ, ಕೆಲವಕ್ಕೆ ಗ್ರ್ಯಾಫೈಟಿನ ಲೇಪವೂ ಇರುತ್ತದೆ. ಈ ಹೊರಪದರ ಬಹಳ ತೆಳು. ಹಳೆಯ ಬ್ಲೇಡನ್ನು ನಯವಾದ ಮರಳುಕಾಗದದಿಂದ ಉಜ್ಜಿದರೆ ಹೊಸದರಂತಾಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಉಜ್ಜಿದ ಮೇಲೆ ಒಂದೆರಡು ದಿನ ಗೆರೆ ಕಡಿಮೆಯಾಗುವುದು ನಿಜವೇ ಆದರೂ, ಉಜ್ಜುವಾಗ ಹೋಗುವುದು ಇದೇ ಪದರ, ಜೊತೆಗೆ ಆ ಚೂಪು ಮೂಲೆ. ಆಮೇಲೆ ಕಿರುಗುಟ್ಟುವ ಸದ್ದು ಶುರುವಾಗುತ್ತದೆ. ನಾನು ಇದನ್ನು ಮಾಡಿ ನೋಡಿ ಕೈಬಿಟ್ಟಿದ್ದೇನೆ.

ಸಿಲಿಕೋನ್ ಬ್ಲೇಡಿನ ಗುಣ ಬೇರೆ. ಬಿಸಿಲು, ಓಝೋನ್, ಶಾಖ ಮೂರನ್ನೂ ಅದು ರಬ್ಬರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಓಡಾಡುತ್ತ ಗಾಜಿನ ಮೇಲೆ ಸಿಲಿಕೋನಿನ ತೆಳುಪದರವೊಂದನ್ನು ಬಿಡುತ್ತದೆ, ಅದರಿಂದ ನೀರು ಹರಡದೆ ಮುತ್ತುಗಟ್ಟಿ ಜಾರುತ್ತದೆ. ಬೆಲೆ ಸಾಧಾರಣ ರಬ್ಬರಿನದರ ಎರಡು ಮೂರು ಪಟ್ಟು. ಇಡೀ ದಿನ ಕಚೇರಿಯ ಹೊರಗೆ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಈ ಹಣ ದಂಡವಲ್ಲ. ಬೆಂಗಳೂರು ತಂಪೂರೆಂಬ ಹೆಮ್ಮೆ ಇದ್ದರೂ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು, ಅಂಥ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಗಾಜು ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಗಾಳಿ ತಂಪೆನಿಸಿದ ದಿನವೂ ಅತಿನೇರಳೆ ಕಿರಣ ಕಡಿಮೆಯಿರುವುದಿಲ್ಲ.

ಆದರೆ ಸಿಲಿಕೋನ್ ಹಾಕುವ ಮೊದಲು ಗಾಜು ಪೂರ್ತಿ ಸ್ವಚ್ಛವಾಗಿರಬೇಕು. ಎಣ್ಣೆಪಸೆಯ ಮೇಲೆ ಅಥವಾ ಹಳೆಯ ಮೇಣದ ಮೇಲೆ ಅದನ್ನು ಓಡಿಸಿದರೆ ರಬ್ಬರಿಗಿಂತ ಹೆಚ್ಚು ಕುಣಿಯುತ್ತದೆ. ಇದನ್ನು ಮಾಡದೆ ಹಾಕಿಸಿಕೊಂಡು, ‘ದುಬಾರಿ ಬ್ಲೇಡ್, ಆದರೂ ಕಟಕಟ’ ಎಂದು ಬೈದುಕೊಳ್ಳುವವರೇ ಬಹಳ. ನೆಲಮಾಳಿಗೆಯ ನೆರಳಿನಲ್ಲಿ ನಿಂತು ವಾರಕ್ಕೆರಡು ದಿನ ಹೊರಬರುವ ಕಾರಿಗಂತೂ ಸಿಲಿಕೋನ್ ಬೇಕಿಲ್ಲ.

ರಬ್ಬರ್ ಮಾತ್ರವೋ, ಸೆಟ್ಟೋ

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಒಮ್ಮೆ ನನ್ನ ಹಳೆಯ ಬ್ಲೇಡನ್ನು ಕೌಂಟರಿನ ಮೇಲಿಟ್ಟೆ. ಅಂಗಡಿಯವರು ಅದನ್ನೆತ್ತಿಕೊಂಡು, ಕಮಾನುಗಳನ್ನು ಎರಡೂ ಕೈಗಳಲ್ಲಿ ಹಿಡಿದು ಅಡ್ಡಡ್ಡ ಅಲುಗಾಡಿಸಿದರು, ಕಿವಿಯ ಹತ್ತಿರ ತಂದು ಮತ್ತೊಮ್ಮೆ ಅಲುಗಾಡಿಸಿದರು. ಆಮೇಲೆ ಕೇಳಿದರು: “ಸಾರ್, ಫ್ರೇಮು ಗಟ್ಟಿ ಇದೆ. ರಬ್ಬರ್ ಮಾತ್ರ ಹಾಕ್ಕೊಡ್ಲಾ, ಸೆಟ್ಟೇ ಬೇಕಾ?”

ಇಂಥ ಆಯ್ಕೆಯೊಂದು ಇದೆಯೆಂಬುದೇ ಈಗ ಹಲವರಿಗೆ ಮರೆತಿದೆ. ರಬ್ಬರ್ ಪಟ್ಟಿ ಮಾತ್ರ ಕೊಂಡರೆ ಇಡೀ ಬ್ಲೇಡಿನ ಬೆಲೆಯ ಸಣ್ಣ ಭಾಗದಲ್ಲಿ ಕೆಲಸ ಮುಗಿಯುತ್ತದೆ, ಲೋಹ ಪ್ಲಾಸ್ಟಿಕ್ಕುಗಳ ಕಸವೂ ಆಗುವುದಿಲ್ಲ. ಹಳೆಯ ಪಟ್ಟಿಯನ್ನು ಅದರ ಬೀಗದ ತುದಿಯಿಂದ ಎಳೆದು ತೆಗೆದು, ಅದರ ಇಕ್ಕೆಲಗಳಲ್ಲಿರುವ ತೆಳು ಲೋಹದ ಕಡ್ಡಿಗಳನ್ನು ಬಾಗಿದ ದಿಕ್ಕು ತಪ್ಪದಂತೆ ಹೊಸದಕ್ಕೆ ಸೇರಿಸಿ, ಫ್ರೇಮಿನ ಕೊಕ್ಕೆಯಂಥ ಉಗುರುಗಳೊಳಗೆ ಒಂದೊಂದಾಗಿ ತೂರಿಸಬೇಕು. ಕಡ್ಡಿ ತಲೆಕೆಳಗಾದರೆ ಬ್ಲೇಡ್ ಗಾಜಿಗೆ ಕೂರುವುದಿಲ್ಲ; ಒಂದು ಉಗುರು ತಪ್ಪಿದರೆ ಪಟ್ಟಿ ಮಳೆಯಲ್ಲಿ ಜಾರಿ ಹೊರಬಂದು ಲೋಹ ಗಾಜನ್ನು ಗೀರುತ್ತದೆ. ಆದ್ದರಿಂದ ಮೊದಲ ಸಲ ಅಂಗಡಿಯವರ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಮೇಲು.

ನನ್ನ ಲೆಕ್ಕ ಇದು: ಫ್ರೇಮಿನ ಬ್ಲೇಡಾದರೆ, ಕೀಲುಗಳು ಗಟ್ಟಿಯಿದ್ದಷ್ಟು ಕಾಲ ಒಂದು ಅಥವಾ ಎರಡು ಬಾರಿ ರಬ್ಬರ್ ಮಾತ್ರ ಬದಲಿಸಬಹುದು, ಮೂರನೆಯ ಬಾರಿಗೆ ಸೆಟ್ಟನ್ನೇ ಕೊಳ್ಳಬೇಕು. ಅಗ್ಗದ ಫ್ರೇಮ್‌ಲೆಸ್‌ಗಳಲ್ಲಿ ರಬ್ಬರ್ ಬದಲಿಸಲು ಬರುವಂತೆ ಇರುವವು ಕಡಿಮೆ, ಸಾಮಾನ್ಯವಾಗಿ ಇಡೀ ಬ್ಲೇಡೇ ಹೋಗುತ್ತದೆ. ಕೊಳ್ಳುವಾಗ ಈ ಪ್ರಶ್ನೆಯನ್ನು ಮೊದಲು ಕೇಳಿದರೆ, ಅಗ್ಗವೆಂದು ಕಂಡದ್ದು ಮೂರು ವರ್ಷಗಳಲ್ಲಿ ಅಗ್ಗವೋ ಅಲ್ಲವೋ ಎಂಬುದು ಸ್ಪಷ್ಟವಾಗುತ್ತದೆ.

ಯಾವ ನೀರು

ಬೆಂಗಳೂರಿನಲ್ಲಿ ಕಾರು ತೊಳೆಯುವ ನೀರಿನ ಆಯ್ಕೆ ಬ್ಲೇಡಿನ ಆಯ್ಕೆಗಿಂತ ಗಂಭೀರವಾದದ್ದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು, 2025ರ ಫೆಬ್ರವರಿಯಲ್ಲಿಯೂ ಅದೇ ಬಗೆಯ ಆದೇಶ ಹೊರಬಂತು. ಆದೇಶ ಸರಿಯಾದದ್ದೇ. ಆದರೆ ಕಾವೇರಿ ನೀರನ್ನು ಬಿಟ್ಟವರು ಹಿಡಿದದ್ದು ಬೋರ್‌ವೆಲ್ ನೀರನ್ನು, ಟ್ಯಾಂಕರಿನದನ್ನು ಅಥವಾ ಅಡುಗೆಮನೆಯ ಆರ್.ಓ. ಯಂತ್ರದಿಂದ ಹೊರಹೋಗುವ ನೀರನ್ನು.

ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಸ್ನಾನದ ಮನೆಯ ನಲ್ಲಿಯ ಮೇಲೆ ಕಟ್ಟುವ ಬಿಳಿಯ ಹೊಪ್ಪಳೆಯೇ ಕಾರಿನ ಗಾಜಿನ ಮೇಲೂ ಹನಿ ಹನಿಯಾಗಿ ಒಣಗಿ ಕೂರುತ್ತದೆ. ಬೆರಳಿನಿಂದ ಸವರಿದರೆ ನುಣುಪಾದ ಗಾಜು ಸಣ್ಣ ದದ್ದು ಎದ್ದ ಚರ್ಮದಂತೆ ಕೈಗೆ ಸಿಗುತ್ತದೆ. ಈ ಕಲೆಗಳು ಬೆಣಚುಕಲ್ಲಿನಷ್ಟು ಗಡುಸಲ್ಲ, ಗಾಜನ್ನು ಗೀರಲಾರವು. ಆದರೆ ವೈಪರಿನ ತುಟಿ ಪ್ರತಿ ಸುತ್ತಿನಲ್ಲಿಯೂ ಅವುಗಳ ಮೇಲೆ ಹತ್ತಿಳಿದು ಕಚ್ಚು ಬೀಳುತ್ತದೆ. ಹೊಸ ಬ್ಲೇಡ್ ಎರಡೇ ತಿಂಗಳಲ್ಲಿ ಗೆರೆ ಬಿಡಲಾರಂಭಿಸಿದರೆ ಅದರ ಕಂಪನಿಯನ್ನು ಬೈಯುವ ಮೊದಲು ಗಾಜನ್ನೊಮ್ಮೆ ಸವರಿ ನೋಡಬೇಕು.

ಆರ್.ಓ. ನೀರಿನ ಕಥೆ ಇನ್ನೂ ವಿಚಿತ್ರ. ನೀರು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ನಮ್ಮ ಅಪಾರ್ಟ್‌ಮೆಂಟಿನ ಹಲವು ಮನೆಗಳಲ್ಲಿ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಾರಿಗೆ ಕಳುಹಿಸುತ್ತಾರೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಬಿಡುವ ಯಂತ್ರದಲ್ಲಿ, ಒಳಬಂದ ಲವಣವೆಲ್ಲ ಹೆಚ್ಚುಕಡಿಮೆ ಆ ಹೊರಬಿಟ್ಟ ನೀರಿನಲ್ಲಿಯೇ ಉಳಿಯುವುದರಿಂದ, ಅದು ಮೂಲ ನೀರಿಗಿಂತ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಹೆಚ್ಚು ಗಡುಸಾಗಿರುತ್ತದೆ. ನೆಲ ಒರೆಸಲು, ಪಾಯಿಖಾನೆಗೆ ಸುರಿಯಲು ಅದು ಯೋಗ್ಯ. ಕಾರಿನ ಚಕ್ರಕ್ಕೂ ನಡೆಯುತ್ತದೆ. ಗಾಜಿಗೆ ಮಾತ್ರ ಬೇಡ.

ಹಾಗಾದರೆ ಉಳಿದದ್ದೇನು? ಮಳೆನೀರು ಸಂಗ್ರಹಿಸುವ ಮನೆಗಳಿಗೆ ಅದಕ್ಕಿಂತ ಮೆದುವಾದ ನೀರು ಬೇರೆಯಿಲ್ಲ. ಏ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿಯೂ ಲವಣವಿಲ್ಲ. ಬಟ್ಟೆಯಲ್ಲಿ ಸೋಸಿ ಗಾಜು ಒರೆಸಲು ಬಳಸಬಹುದು, ಆದರೆ ಅದರಲ್ಲಿ ಪಾಚಿ, ಲೋಳೆ ಬೆಳೆಯುವುದರಿಂದ ವೈಪರಿನ ನೀರಿನ ಟ್ಯಾಂಕಿಗೆ ಸುರಿಯಬಾರದು. ಇವೆರಡೂ ಇಲ್ಲದವರು ಕಾರಿನ ಮೈಯನ್ನು ಯಾವ ನೀರಿನಿಂದಲಾದರೂ ತೊಳೆಯಲಿ, ಗಾಜನ್ನು ಮಾತ್ರ ಒಣಗಲು ಬಿಡದೆ ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಕಲೆ ಕಟ್ಟುವುದು ನೀರು ಬಿದ್ದಾಗಲ್ಲ, ಆರಿದಾಗ.

ಕಟ್ಟಿದ ಕಲೆಯನ್ನು ತೆಗೆಯಲು ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಗಾಜಿನ ಮೇಲೆ ಕೆಲವು ನಿಮಿಷ ಹಾಸಿಟ್ಟು ಉಜ್ಜಿದರೆ ಹೊಸ ಕಲೆಗಳು ಬಿಡುತ್ತವೆ. ನಿಂಬೆರಸವೂ ಅದೇ ಕೆಲಸ ಮಾಡುತ್ತದೆ. ಬಳಿಕ ಗಾಜನ್ನು ಚೆನ್ನಾಗಿ ತೊಳೆಯಬೇಕು, ದ್ರವ ಬಣ್ಣದ ಮೇಲೆ ಇಳಿಯದಂತೆ ನೋಡಿಕೊಳ್ಳಬೇಕು. ವರ್ಷಗಟ್ಟಲೆ ಕೂತ ಕಲೆಗಳಿಗೆ ಸೀರಿಯಂ ಆಕ್ಸೈಡ್ ಇರುವ ಗಾಜಿನ ಪಾಲಿಶ್ ಬೇಕಾಗುತ್ತದೆ. ನನ್ನ ಮಟ್ಟಿಗೆ, ಹೊಸ ಬ್ಲೇಡಿಗೆ ಇಟ್ಟ ಹಣದಲ್ಲಿ ಅರ್ಧವನ್ನು ಮೊದಲು ಈ ಕೆಲಸಕ್ಕೆ ಖರ್ಚು ಮಾಡಿದ ವರ್ಷವೇ ಸಾಧಾರಣ ಬ್ಲೇಡ್ ಎರಡು ಮಳೆಗಾಲ ಕಂಡದ್ದು.

ಬಾನೆಟ್ಟಿನ ಕೆಳಗಿರುವ ಟ್ಯಾಂಕಿಗೆ ಹಾಕುವ ನೀರೂ ಇದೇ ಸಾಲಿಗೆ ಸೇರುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಚಿಮ್ಮುವ ರಂಧ್ರಗಳು ಕಟ್ಟಿಕೊಳ್ಳುತ್ತವೆ. ರಂಧ್ರ ಕಟ್ಟಿದರೆ ಚಾಲಕ ಒಣಗಾಜಿನ ಮೇಲೆಯೇ ವೈಪರ್ ಆಡಿಸುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಬಟ್ಟೆ ಒಗೆಯುವ ಪುಡಿಯನ್ನೋ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನೋ ಬೆರೆಸುವವರಿದ್ದಾರೆ. ನೊರೆ ಗಾಜಿನ ಮೇಲೆ ಒಣಗಿ ಮಬ್ಬು ಕಟ್ಟುತ್ತದೆ, ಟ್ಯಾಂಕಿನ ತಳದಲ್ಲಿ ಗಸಿ ನಿಲ್ಲುತ್ತದೆ. ಗಾಜಿಗೆಂದೇ ಮಾಡಿದ ದ್ರಾವಣದ ಸಣ್ಣ ಬಾಟಲಿಯನ್ನು ಕುಡಿಯುವ ನೀರಿಗೆ ಬೆರೆಸುವುದು ಇವುಗಳಲ್ಲಿ ಉತ್ತಮ, ತಿಂಗಳಿಗೆ ಒಂದೆರಡು ಲೀಟರಿನ ಮಾತು. ಕಟ್ಟಿದ ರಂಧ್ರವನ್ನು ಗುಂಡುಪಿನ್ನಿನಿಂದ ಬಿಡಿಸಬಹುದು.

ಯಾವುದರಿಂದ ಒರೆಸುವುದು

ಬ್ಲೇಡಿನ ತುಟಿಯನ್ನು ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಉದ್ದಕ್ಕೂ ಒಂದೆರಡು ಸಲ ಎಳೆದು ಒರೆಸಿದರೆ ಸಾಕು. ಮೊದಲ ಎಳೆತಕ್ಕೆ ಬಟ್ಟೆಯ ಮೇಲೆ ಕಪ್ಪು ಗೆರೆ ಬೀಳುತ್ತದೆ, ಮೂರನೆಯದಕ್ಕೆ ಬೀಳುವುದಿಲ್ಲ, ಅಲ್ಲಿಗೆ ನಿಲ್ಲಿಸಬೇಕು. ಎಣ್ಣೆಪಸೆ ಹೆಚ್ಚಿದ್ದರೆ ಒಂದೆರಡು ಹನಿ ಕಾರಿನ ಶಾಂಪೂ ಸೇರಿಸಬಹುದು. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ, ಟೈರಿಗೆ ಹೊಳಪು ಕೊಡುವ ದ್ರವ ಇವಾವುವೂ ರಬ್ಬರಿನ ಹತ್ತಿರ ಬರಬಾರದು. ಪೆಟ್ರೋಲಿಯಂ ಎಣ್ಣೆಗಳು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ, ಒರೆಸಿದ ದಿನ ಹೊಳೆದದ್ದು ತಿಂಗಳಲ್ಲಿ ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಬೆಳಗಿನ ಜಾವ ಕಾರು ಒರೆಸಲು ಬರುವವರ ಬಕೆಟ್ಟನ್ನೊಮ್ಮೆ ನೋಡಬೇಕು. ಒಂದು ಬಕೆಟ್ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹತ್ತು ಕಾರುಗಳು. ಏಳನೆಯ ಕಾರಿನ ಗಾಜಿಗೆ ಹೋಗುವುದು ಮೊದಲ ಆರು ಕಾರುಗಳ ದೂಳು. ತಪ್ಪು ಅವರದಲ್ಲ, ಅಷ್ಟು ನೀರೇ ಅವರಿಗೆ ಸಿಗುವುದು. ಗಾಜಿಗೆ ಮಾತ್ರ ಬೇರೆ ಮೈಕ್ರೊಫೈಬರ್ ಬಟ್ಟೆಯೊಂದನ್ನು ನಾವೇ ಕೊಂಡುಕೊಟ್ಟು, ಅದನ್ನು ಕಾರಿನಲ್ಲಿಯೇ ಇಡುವ ವ್ಯವಸ್ಥೆ ಮಾಡಿದರೆ ತಿಂಗಳಿಗೆ ಕೊಡುವ ಹಣದಲ್ಲಿ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ.

ಮಳೆಮರದ ಕೆಳಗೆ ಕಾರು ನಿಲ್ಲಿಸುವ ಜಯನಗರ, ಮಲ್ಲೇಶ್ವರದವರಿಗೆ ಅಂಟಿನ ಕಾಟ ಗೊತ್ತು. ಎಲೆಯ ರಸ ಹೀರುವ ಕೀಟಗಳು ಸುರಿಸುವ ಸಿಹಿ ಹನಿ ಅದು. ಅದರ ಮೇಲೆ ವೈಪರ್ ಆಡಿಸದೆ, ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ತೆಗೆಯಬೇಕು. ಆಯುಧಪೂಜೆಯ ದಿನ ಗಾಜಿಗೆ ಬಳಿಯುವ ವಿಭೂತಿ, ಗಂಧ, ಕುಂಕುಮಗಳಿಗೂ ಈ ಮಾತು ಸಲ್ಲುತ್ತದೆ. ಹಬ್ಬ ಬರುವುದು ಬೆಂಗಳೂರಿನಲ್ಲಿ ಮಳೆ ಜೋರಾಗಿರುವ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿಯೇ. ಪೂಜೆಯ ಸಂಜೆಯ ಹಸ್ತ ಚಿತ್ತೆಯ ಮಳೆಗೆ ವಿಭೂತಿಯೆಲ್ಲ ಬ್ಲೇಡಿನ ಪಾಲಾಗುತ್ತದೆ. ಬಾನೆಟ್ಟಿಗೆ ಹಚ್ಚಿದರೂ ದೇವರು ಒಪ್ಪಿಯಾನೆಂದು ನನ್ನ ನಂಬಿಕೆ.

ಎತ್ತಿಡುವುದೋ, ಇಳಿಸಿಡುವುದೋ

ನಿಂತ ಕಾರಿನ ವೈಪರನ್ನು ಗಾಜಿನಿಂದ ಏಕೆ ಎತ್ತಿಟ್ಟಿದ್ದೀಯೆಂದು ನಮ್ಮ ಕಾರು ಒರೆಸುವ ಹುಡುಗನನ್ನು ಕೇಳಿದಾಗ ಅವನೆಂದದ್ದು: “ಬಿಸಿಲಿಗೆ ರಬ್ಬರ್ ಗಾಜಿಗೆ ಅಂಟ್ಕೊಳ್ಳುತ್ತೆ ಸಾರ್, ಅದಕ್ಕೇ ಎತ್ತಿಟ್ಟಿದೀನಿ.” ಅವನ ಮಾತಿನಲ್ಲಿ ಸತ್ಯವಿದೆ. ಕಾದ ಗಾಜಿಗೆ ಒತ್ತಿಕೊಂಡ ತುಟಿ ಒಂದೇ ಕಡೆಗೆ ಬಾಗಿ ಗಡುಸಾಗುವುದು ಎತ್ತಿಟ್ಟರೆ ತಪ್ಪುತ್ತದೆ. ಆದರೆ ಅತಿನೇರಳೆ ಕಿರಣ ಎತ್ತಿಟ್ಟ ಬ್ಲೇಡಿಗೂ ಬೀಳುತ್ತದೆ. ಬೀದಿಯಲ್ಲಿ ನಿಂತ ಕಾರಾದರೆ ಗಾಳಿಗೋ ಮಕ್ಕಳ ಕೈಗೋ ತಾಗಿ, ಬ್ಲೇಡನ್ನು ಹಿಡಿದಿರುವ ಲೋಹದ ತೋಳು, ಎಂದರೆ ಆರ್ಮ್, ಗಾಜಿನ ಮೇಲೆ ಬಡಿಯುವ ಅಪಾಯ ಬೇರೆ. ಒಂದೆರಡು ದಿನದ ಮಾತಿಗೆ ಎತ್ತಿಡುವುದರಿಂದ ಸಿಗುವ ಲಾಭ ಅತ್ಯಲ್ಪ. ಕಾರನ್ನು ತಿಂಗಳುಗಟ್ಟಲೆ ಬಿಟ್ಟು ಊರಿಗೆ ಹೋಗುವವರು, ಮುಚ್ಚಿದ ಜಾಗದಲ್ಲಿ ಎತ್ತಿಟ್ಟುಹೋಗಲಿ. ಉಳಿದವರಿಗೆ ಒಳ್ಳೆಯದು ನೆರಳು, ಅದೂ ಇಲ್ಲದಿದ್ದರೆ ಗಾಜಿನ ಹೊರಗಡೆ ವೈಪರಿನ ಸಮೇತ ಹೊದಿಸುವ ಮುಸುಕು. ಗಾಜಿನ ಒಳಗಡೆ ಇಡುವ ಬೆಳ್ಳಿಬಣ್ಣದ ಹಾಳೆ ಸ್ಟೇರಿಂಗನ್ನು ತಂಪಾಗಿಡುತ್ತದೆಯೇ ಹೊರತು ಬ್ಲೇಡಿಗೆ ಅದರಿಂದ ಉಪಕಾರವಿಲ್ಲ.

ಗಾಜಿಗೆ ಹಚ್ಚುವ ನೀರುಜಾರುವ ಲೇಪಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ, ಅವುಗಳಿಂದ ವೈಪರ್ ಬಳಸುವುದು ಕಡಿಮೆಯಾಗಿ ಬ್ಲೇಡ್ ಉಳಿಯುವುದು ನಿಜ, ಆದರೆ ಹೆದ್ದಾರಿಯ ವೇಗದಲ್ಲಿ ಮಾತ್ರ. ಟ್ರಾಫಿಕ್ಕಿನಲ್ಲಿ ಹನಿಗಳು ಜಾರದೆ ಮುತ್ತುಗಳಾಗಿ ಅಲ್ಲಿಯೇ ಕೂರುತ್ತವೆ. ಲೇಪ ಅಲ್ಲಲ್ಲಿ ಸವೆದಾಗ ಬ್ಲೇಡ್ ಕುಣಿಯತೊಡಗುತ್ತದೆ.

ಯಾವಾಗ ಬದಲಿಸುವುದು

ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬೆಂಗಳೂರಿನ ಮಳೆಯ ಲಯಕ್ಕೆ ಹೊಂದಿಸುವುದಾದರೆ, ಏಪ್ರಿಲ್ ಮೂರನೆಯ ವಾರ ಸರಿಯಾದ ಸಮಯ. ಆಗ ಹಾಕಿದ ಬ್ಲೇಡ್ ಭರಣಿಯಿಂದ ಸ್ವಾತಿಯವರೆಗಿನ ಮಳೆಗಳನ್ನು ಹೊಸತಾಗಿದ್ದಾಗಲೇ ಎದುರಿಸುತ್ತದೆ. ನವೆಂಬರ್ ಕೊನೆಯಲ್ಲಿ ಕೊಂಡರೆ ಹೊಸ ರಬ್ಬರ್ ನಾಲ್ಕೈದು ತಿಂಗಳು ಕೆಲಸವಿಲ್ಲದೆ ಬಿಸಿಲು ಕಾಯುತ್ತದೆ. ಅಲ್ಲಿಯವರೆಗೆ ಹಳೆಯದನ್ನು ಒರೆಸಿ ಸುಧಾರಿಸಬಹುದು. ಆದರೆ ಚಾಲಕನ ಕಣ್ಣಿನ ಮಟ್ಟದಲ್ಲಿ ಗೆರೆ ಬೀಳುತ್ತಿದ್ದರೆ, ಇಲ್ಲವೇ ರಬ್ಬರ್ ಹರಿದು ಬಾಲದಂತೆ ಜೋಲುತ್ತಿದ್ದರೆ ಕಾಲವನ್ನು ನೋಡುವಂತಿಲ್ಲ.

ಬದಲಿಸುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ಗೆರೆ ಬಿದ್ದರೆ ಮೊದಲು ತುಟಿಯನ್ನು ಒರೆಸಿ ನೋಡುವುದು. ಹೋದರೆ ಕೊಳೆ, ಉಳಿದರೆ ಕಚ್ಚು. ಇಡೀ ಗಾಜು ಮಬ್ಬಾದರೆ ದೋಷ ಬ್ಲೇಡಿನದಲ್ಲ, ಗಾಜಿನ ಮೇಲಿನ ಎಣ್ಣೆಪಸೆಯದು. ಹೊಸ ಬ್ಲೇಡೂ ಒಂದೇ ದಿಕ್ಕಿನಲ್ಲಿ ಕುಣಿಯುತ್ತಿದ್ದರೆ ಆರ್ಮ್ ತಿರುಚಿಕೊಂಡಿರುವ ಸಾಧ್ಯತೆ ಹೆಚ್ಚು: ವೈಪರನ್ನು ಗಾಜಿನ ಮಧ್ಯದಲ್ಲಿ ನಿಲ್ಲಿಸಿ ತುದಿಯಿಂದ ನೋಡಿದಾಗ ರಬ್ಬರ್ ಗಾಜಿಗೆ ನೆಟ್ಟಗೆ ನಿಂತಿರಬೇಕು, ವಾಲಿದ್ದರೆ ಮೆಕ್ಯಾನಿಕ್ಕು ಆರ್ಮನ್ನು ಸ್ವಲ್ಪವೇ ತಿರುಚಿ ಸರಿಮಾಡುತ್ತಾರೆ. ಇದಕ್ಕೆ ಮೂರನೆಯ ಜೋಡಿ ಬ್ಲೇಡ್ ಕೊಂಡವರು ನನಗೆ ಗೊತ್ತಿದ್ದಾರೆ.

ಬದಲಿಸುವಾಗ ಗಾಜಿನ ಮೇಲೆ ಮಡಿಸಿದ ದಪ್ಪ ಟವೆಲೊಂದನ್ನು ಹಾಸಲೇಬೇಕು. ಒಂದು ಭಾನುವಾರ ನಮ್ಮ ನೆಲಮಾಳಿಗೆಯಲ್ಲಿ ಹಳೆಯ ಬ್ಲೇಡನ್ನು ಕಳಚಿ, ಬರಿಯ ಆರ್ಮನ್ನು ನಿಲ್ಲಿಸಿಯೇ ಬಿಟ್ಟು, ಹೊಸದರ ಪೊಟ್ಟಣ ಹರಿಯಲು ಆಚೆ ತಿರುಗಿದೆ. ಮೊಣಕೈ ತಾಗಿತೋ ಏನೋ, ಸ್ಪ್ರಿಂಗಿನ ಬಲಕ್ಕೆ ಲೋಹದ ಕೊಕ್ಕೆ ಟಪ್ಪೆಂದು ಗಾಜಿಗೆ ಬಡಿದು, ಬಡಿದ ಜಾಗದಿಂದ ಮೂರು ಗೆರೆಗಳು ಒಡೆದವು. ಲ್ಯಾಮಿನೇಟೆಡ್ ಗಾಜಾದ್ದರಿಂದ ಪುಡಿಯಾಗಲಿಲ್ಲ, ನಡುವಿನ ಪ್ಲಾಸ್ಟಿಕ್ ಪದರ ಹಿಡಿದುಕೊಂಡಿತು. ಸಂಜೆಯ ಹೊತ್ತಿಗೆ ಒಂದು ಗೆರೆ ನನ್ನ ಕಣ್ಣೆದುರೇ ಚಾಲಕನ ಬದಿಗೆ ಗೇಣುದ್ದ ಹರಿದಿತ್ತು. ಆ ಪೊಟ್ಟಣದಲ್ಲಿದ್ದದ್ದು ನಾಲ್ಕುನೂರು ರೂಪಾಯಿಯ ಬ್ಲೇಡ್. ಟವೆಲು ಹಿಂದಿನ ಸೀಟಿನ ಮೇಲೆಯೇ ಇತ್ತು.